ಲಾವಂಚದ ತಟ್ಟಿ, ತಿಪಟೂರಿನ ನಾರು

ಜೈಪುರದಿಂದ ಗುಢಾ ಕುಮಾವತಾನ್ ಕಡೆಗೆ ಹೋದರೆ ಹೊಲಗಳ ನಡುವೆ ಸಾಲುಸಾಲಾಗಿ ಪಾಲಿಹೌಸುಗಳು, ಅಂದರೆ ಪ್ಲಾಸ್ಟಿಕ್ ಹಾಳೆ ಹೊದಿಸಿದ ಬೆಳೆಮನೆಗಳು, ಕಾಣುತ್ತವೆ. ಜನ ಆ ಸೀಮೆಯನ್ನು ‘ಮಿನಿ ಇಸ್ರೇಲ್’ ಎಂದೇ ಕರೆಯುತ್ತಾರೆ. ಒಳಗೆ ಹೆಚ್ಚಾಗಿ ಬೆಳೆಯುವುದು ಸೌತೆಕಾಯಿ. ತಿಪಟೂರು ಸೀಮೆಯವನಾದ ನಾನು ಇಲ್ಲಿಗೆ ಬಂದು 14 ವರ್ಷಗಳಾದವು. ನೆರೆಯ ಬೆಳೆಗಾರರೊಬ್ಬರ ಜೊತೆ ಪಾಲಿನಲ್ಲಿ 200 ಚದರ ಮೀಟರಿನ ಸಸಿಮನೆಯೊಂದನ್ನು ನಡೆಸುತ್ತಿದ್ದೇನೆ. ಸಿಂಧನೂರಿನಲ್ಲಿ ನನ್ನ ಭಾವನವರ ಪಾಲಿಹೌಸ್ ಇದೆ, ಅಲ್ಲಿ ಅವರು ದಪ್ಪ ಮೆಣಸಿನಕಾಯಿ ಬೆಳೆಯುತ್ತಾರೆ. ಎರಡೂ ಕಡೆಯ ಬೇಸಿಗೆ ಹೆಚ್ಚುಕಡಿಮೆ ಒಂದೇ ಬಗೆಯದು, ಆದರೆ ಅದನ್ನು ಎದುರಿಸುವ ರೀತಿ ಒಂದೇ ಅಲ್ಲ.

ಪಾಲಿಹೌಸನ್ನು ನೀರಿನಿಂದ ತಂಪಾಗಿಸುವ ತತ್ತ್ವ ಸರಳವಾದದ್ದು. ಪಾಲಿಹೌಸಿನ ಒಂದು ಗೋಡೆಯಲ್ಲಿ ಸದಾ ತೇವವಾಗಿರುವ ತಟ್ಟಿಯನ್ನಿಟ್ಟು, ಎದುರು ಗೋಡೆಯ ಫ್ಯಾನುಗಳಿಂದ ಗಾಳಿಯನ್ನು ಎಳೆದರೆ, ಆ ಗಾಳಿ ತಟ್ಟಿಯನ್ನು ಹಾಯುವಾಗ ನೀರು ಆವಿಯಾಗಿ ಗಾಳಿಯ ಬಿಸಿಯನ್ನು ಹೀರಿಕೊಳ್ಳುತ್ತದೆ. ಒಂದು ಲೀಟರ್ ನೀರು ಆವಿಯಾದರೆ ಸುಮಾರು 2,400 ಕಿಲೋಜೌಲಿನಷ್ಟು, ಅಂದರೆ ವಿದ್ಯುತ್ತಿನ ಲೆಕ್ಕದಲ್ಲಿ ಮುಕ್ಕಾಲು ಯೂನಿಟ್ಟಿಗೆ ತುಸು ಕಡಿಮೆ ಶಾಖ ಗಾಳಿಯಿಂದ ಹೋದಂತೆ. ಗಾಳಿ ಒಣಗಿದಷ್ಟೂ ಲಾಭ ಹೆಚ್ಚು. ಹೊರಗೆ 42 ಡಿಗ್ರಿ ಬಿಸಿ ಮತ್ತು ಶೇ. 15ರಷ್ಟು ಆರ್ದ್ರತೆ ಇರುವ ಜೈಪುರದ ಮಧ್ಯಾಹ್ನದಲ್ಲಿ ಈ ವಿಧಾನದಿಂದ ಮುಟ್ಟಬಹುದಾದ ಕೊನೆಯ ಮಿತಿ ಸುಮಾರು 22 ಡಿಗ್ರಿ. ಅದೇ 33 ಡಿಗ್ರಿ ಬಿಸಿಯ, ಶೇ. 75ರಷ್ಟು ಆರ್ದ್ರತೆಯ ಕರಾವಳಿಯ ದಿನದಲ್ಲಿ ಆ ಮಿತಿ 29ರಲ್ಲೇ ನಿಲ್ಲುತ್ತದೆ. ಆದ್ದರಿಂದ ಮಂಗಳೂರಿನವರಿಗೆ ಇದನ್ನು ಹೇಳಿ ಪ್ರಯೋಜನವಿಲ್ಲ, ದೊಡ್ಡಬಳ್ಳಾಪುರದ ಹೂವಿನವರಿಗೆ ಅಷ್ಟಾಗಿ ಇದರ ಅಗತ್ಯವೂ ಇಲ್ಲ. ನನ್ನ ಮಾತೇನಿದ್ದರೂ ರಾಯಚೂರು, ಕಲಬುರಗಿ, ವಿಜಯಪುರದವರ ಜೊತೆ.

ಭಾವ ಬಳಸುವುದು ಜೇನುಗೂಡಿನಂತೆ ಜೋಡಿಸಿದ ಕಾಗದದ ಪ್ಯಾಡು. ಹೊಸದಾಗಿದ್ದಾಗ ಅದಕ್ಕೆ ಸರಿಸಾಟಿಯಿಲ್ಲ ಎಂಬುದನ್ನು ಒಪ್ಪುತ್ತೇನೆ. ಆದರೆ ಅವರ ಕೊಳವೆಬಾವಿಯ ನೀರು ಗಡಸು. ಎರಡನೆಯ ಬೇಸಿಗೆ ಮುಗಿಯುವ ಹೊತ್ತಿಗೆ ಪ್ಯಾಡಿನ ಕಿಂಡಿಗಳಲ್ಲಿ ಉಪ್ಪು ಸುಣ್ಣದ ಗಾರೆಯಂತೆ ಕಟ್ಟಿಕೊಂಡು, ಫ್ಯಾನು ಎಷ್ಟೇ ಗಿರಗಿರನೆ ತಿರುಗಿದರೂ ಗಾಳಿ ಬಾರದಂತಾಯಿತು. ಬೆಲೆಬಾಳುವ ವಸ್ತುವೆಂಬ ಕಾರಣಕ್ಕೆ ಅದನ್ನು ಬಿಸಾಡಲು ಮನಸ್ಸಾಗದೆ ಇನ್ನೂ ಒಂದು ವರ್ಷ ದೂಡಿದರು.

ಇಲ್ಲಿನವರಿಗೆ ಆ ಮೋಹವಿಲ್ಲ. ಮನೆಯ ಕೂಲರಿನ ಹುಲ್ಲನ್ನು ಪ್ರತಿವರ್ಷ ಬೇಸಿಗೆಯ ಮೊದಲಲ್ಲಿ ಬದಲಿಸಿಯೇ ಅಭ್ಯಾಸವಾಗಿರುವುದರಿಂದ, ಸಸಿಮನೆಯ ಲಾವಂಚದ ಬೇರನ್ನೂ ಅವರು ಹಾಗೆಯೇ ನೋಡುತ್ತಾರೆ. ಮೊಘಲರ ಕಾಲದಿಂದ ಬಂದ ‘ಖಸ್ ಕೀ ಟಟ್ಟೀ’ ನಮ್ಮ ತಟ್ಟಿಯೇ, ಆದರೆ ಆ ಪದಕ್ಕೆ ಹಿಂದಿಯಲ್ಲಿ ಮುಜುಗರದ ಅರ್ಥವೂ ಬಂದುಬಿಟ್ಟಿರುವುದರಿಂದ ಜನ ಈಗ ಬರೀ ಖಸ್ ಎಂದು ಹೇಳಿ ಸುಮ್ಮನಾಗುತ್ತಾರೆ. ನೀರು ಬಿಟ್ಟ ಮೊದಲ ಹತ್ತು ನಿಮಿಷ ಸಸಿಮನೆಯ ತುಂಬ ಮೊದಲ ಮಳೆಯ ಮಣ್ಣಿನ ವಾಸನೆ ಹರಡುತ್ತದೆ. ಸಸಿಗಳಿಗೆ ಅದರಿಂದೇನೂ ಆಗಬೇಕಾಗಿಲ್ಲ, ನನಗೆ ಮಾತ್ರ ಆಗುತ್ತದೆ.

ಲಾವಂಚ ದುಬಾರಿಯೆಂದು ನಾನು ಒಂದು ವರ್ಷ ಊರಿನಿಂದ ತೆಂಗಿನ ನಾರು ತರಿಸಿದೆ. ಎರಡು ಕೋಳಿಬಲೆಗಳ ನಡುವೆ ನಾಲ್ಕು ಬೆರಳು ದಪ್ಪಕ್ಕೆ ನಾರನ್ನು ತುಂಬಿ, ಮೇಲೆ ತೂತು ಕೊರೆದ ಪೈಪನ್ನಿಟ್ಟು ಗೆದ್ದೆನೆಂದುಕೊಂಡೆ. ಮೊದಲ ವಾರ ಚಹಾದ ಬಣ್ಣದ ನೀರು ಇಳಿದು ಪಂಪಿನ ಜಾಲರಿ ಕಟ್ಟಿತು. ಮೂರನೆಯ ವಾರಕ್ಕೆ ನೆನೆದ ನಾರು ತನ್ನ ಭಾರಕ್ಕೇ ಕುಸಿದು, ತಟ್ಟಿಯ ಮೇಲ್ಭಾಗದಲ್ಲಿ ಒಂದು ಗೇಣು ಬರಿದಾಯಿತು. ಗಾಳಿ ಸುಲಭದ ದಾರಿಯನ್ನೇ ಹುಡುಕುವುದರಿಂದ ಬಿಸಿಗಾಳಿಯೆಲ್ಲ ಆ ಗೇಣಿನಿಂದಲೇ ನುಗ್ಗಿ ಮೊದಲ ಸಾಲಿನ ಟೊಮೆಟೊ ಸಸಿಗಳ ತುದಿ ಸುಟ್ಟಿತು. ರೇಗಿಹೋಗಿ ಮರುದಿನ ನಾರನ್ನು ಒತ್ತಿ ತುಂಬಿದೆ. ಆಗ ಫ್ಯಾನಿಗೆ ಗಾಳಿಯೇ ಸಿಗಲಿಲ್ಲ. ನಾರನ್ನು ಮೊದಲೇ ಎರಡು ಮೂರು ದಿನ ನೆನೆಸಿ ಬಣ್ಣ ಬಿಡಿಸುವುದು, ಚೌಕಟ್ಟನ್ನು ಅಡಿಗೊಂದು ಅಡ್ಡಪಟ್ಟಿ ಕೊಟ್ಟು ಖಾನೆಗಳಾಗಿ ವಿಂಗಡಿಸುವುದು, ಅಂಗೈಯನ್ನು ಹಿಂದೆ ಹಿಡಿದರೆ ಗಾಳಿ ತಾಗಬೇಕು ಆದರೆ ಬೆಳಕು ನೇರವಾಗಿ ತೂರಬಾರದು ಎಂಬಷ್ಟು ತುಂಬುವುದು: ಇಷ್ಟನ್ನು ಕಲಿಯಲು ನನಗೆ ಒಂದು ಇಡೀ ಬೇಸಿಗೆ ಬೇಕಾಯಿತು.

ಹಾಗೆಂದು ಸ್ಥಳೀಯವಾದದ್ದೆಲ್ಲ ಒಳ್ಳೆಯದೆಂದು ನಾನು ಹೇಳುತ್ತಿಲ್ಲ. ಸೌದಿ ಅರೇಬಿಯಾದಲ್ಲಿ ನಡೆದು 2002ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಸೆಣಬಿನ ತಂಪುಗೊಳಿಸುವ ದಕ್ಷತೆ ಶೇ. 62, ಹೀರೆನಾರಿನದು ಶೇ. 55, ಮಾರುಕಟ್ಟೆಯ ಪ್ಯಾಡಿನದು ಶೇ. 50ರ ಆಸುಪಾಸು ಬಂದರೆ, ಆ ನಾಡಿನಲ್ಲಿ ಹೇರಳವಾಗಿ ಸಿಗುವ ಖರ್ಜೂರದ ನಾರು ಶೇ. 39ಕ್ಕೇ ನಿಂತಿತ್ತು. ಗೆದ್ದ ಸೆಣಬಿಗೂ ಬೂಷ್ಟು ಹಿಡಿಯುವ ದೋಷವಿತ್ತು. ಗೋಣಿಚೀಲವನ್ನು ಒದ್ದೆಮಾಡಿ ಕಿಟಕಿಗೆ ಕಟ್ಟಿದವರಿಗೆ ಆ ಮುಗ್ಗಲು ವಾಸನೆಯ ಪರಿಚಯ ಇದ್ದೇ ಇರುತ್ತದೆ. ತೆಂಗಿನ ನಾರು ತಂಪಿನಲ್ಲಿ ಕಾಗದಕ್ಕಿಂತ ಹಿಂದೆಯೇ ಎಂಬುದು ನನ್ನ ಅನುಭವ, ಆದರೆ ಅದು ಬೇಗ ಕೊಳೆಯುವುದಿಲ್ಲ. ಉಪ್ಪು ಕಟ್ಟಿದರೆ ಕೊಡವಿ ಒಗೆಯಬಹುದು, ಕೈಲಾಗದಿದ್ದರೆ ತಿಪ್ಪೆಗೆ ಹಾಕಬಹುದು.

ನೀರಿನ ವಿಷಯದಲ್ಲೂ ಇಲ್ಲಿಂದ ಕಲಿಯುವುದಿದೆ. ಈ ಸೀಮೆಯ ಬೆಳೆಗಾರರು ಪಾಲಿಹೌಸಿನ ಚಾವಣಿಯ ಮಳೆನೀರನ್ನು ಹೊಂಡಕ್ಕೆ ಇಳಿಸುತ್ತಾರೆ. 4,000 ಚದರ ಮೀಟರಿನ ಚಾವಣಿಯ ಮೇಲೆ ವರ್ಷಕ್ಕೆ 600 ಮಿಲಿಮೀಟರ್ ಮಳೆ ಬಿದ್ದರೆ ಅದು 24 ಲಕ್ಷ ಲೀಟರ್. ರಾಯಚೂರಿನ ಮಳೆಯೂ ಹೆಚ್ಚುಕಡಿಮೆ ಅಷ್ಟೇ. ಮಳೆನೀರಿನಲ್ಲಿ ಲವಣ ಇಲ್ಲವೆನ್ನುವಷ್ಟು ಕಡಿಮೆಯಾದ್ದರಿಂದ ತಟ್ಟಿ ಯಾವುದೇ ಆದರೂ ಅದರ ಆಯುಷ್ಯ ಹೆಚ್ಚುತ್ತದೆ. ಭಾವನವರ ಹೊಲದಲ್ಲೂ ಕೃಷಿಹೊಂಡವಿದೆ, ಚಾವಣಿಯಿಂದ ಅಲ್ಲಿಗೆ ಪೈಪು ಮಾತ್ರ ಇಲ್ಲ.

“ಗೋಣಿಚೀಲದ ಉಪಾಯ ಹೇಳೋಕೆ ಜೈಪುರಕ್ಕೆ ಹೋಗಬೇಕಿತ್ತೇನಪ್ಪ?” ಎಂದು ಫೋನಿನಲ್ಲಿ ನಕ್ಕವರು, ಕೊನೆಗೆ ಒಂದು ಮಾತಿಗೆ ಒಪ್ಪಿದ್ದಾರೆ. ಬರುವ ಮಾರ್ಚಿನಲ್ಲಿ ಗೋಡೆಯ ಅರ್ಧಕ್ಕೆ ಹೊಸ ಕಾಗದದ ಪ್ಯಾಡು, ಉಳಿದರ್ಧಕ್ಕೆ ನಾರಿನ ತಟ್ಟಿ, ಎರಡರ ಹಿಂದೆಯೂ ಒಂದೊಂದು ಉಷ್ಣಮಾಪಕ. ತಿಪಟೂರಿನಿಂದ ನಾರು ಕಳಿಸಿಕೊಡುವುದು ನನ್ನ ಪಾಲಿನ ಕೆಲಸ, ನೆನೆಸುವುದು ಅವರದು.