ಹತ್ತಿದ್ದಾಯ್ತು, ಇಳಿಯೋದು?

ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಿದ್ದೇನೆ ಅಂತ ನಾನು ಎಷ್ಟೋ ಜನರ ಮುಂದೆ ಹೇಳಿಕೊಂಡಿದ್ದೇನೆ. ಇಳಿದದ್ದು ಹೇಗೆ ಅಂತ ಯಾರೂ ಕೇಳಿಲ್ಲ. ಸಿಟಿ ಬಸ್ಸಿನಲ್ಲಿ ಅಂತ ನಾನೂ ಹೇಳಿಲ್ಲ.

ಫ್ರಾನ್ಸ್ ಮತ್ತು ಸ್ಪೇನ್ ನಡುವಿನ ಪಿರನೀಸ್ ಬೆಟ್ಟ ದಾಟಿದ ದಿನ ಆ ಬಸ್ಸು ತುಂಬಾ ನೆನಪಾಯಿತು.

ಸ್ಪೇನಿನ ಸ್ಯಾಂಟಿಯಾಗೊದಲ್ಲಿ ಯೇಸುವಿನ ಶಿಷ್ಯ ಸಂತ ಯಾಕೋಬರ ಸಮಾಧಿ ಇದೆ ಎಂಬ ನಂಬಿಕೆಯಿಂದ ಕ್ಯಾಥೊಲಿಕರು ಸಾವಿರ ವರ್ಷಕ್ಕೂ ಹೆಚ್ಚು ಕಾಲದಿಂದ ಅಲ್ಲಿಗೆ ನಡೆದು ಹೋಗುತ್ತಿದ್ದಾರೆ. ಅನೇಕರು ಹೊರಡುವುದು ಫ್ರಾನ್ಸಿನ ಸ್ಯಾನ್ ಜಾನ್ ಪಿಯೆ ದ ಪೋರ್ ಎಂಬ ಊರಿನಿಂದ. ಹೆಸರಿನಲ್ಲೇ ಘಾಟಿಯ ಬುಡ ಎಂಬ ಅರ್ಥವಿದೆ. ಮೊದಲ ದಿನವೇ ಸುಮಾರು 25 ಕಿ.ಮೀ. ನಡಿಗೆ, 1,200 ಮೀಟರಿಗಿಂತ ಜಾಸ್ತಿ ಏರು. ದೇವರು ಪ್ರಶ್ನೆಪತ್ರಿಕೆಯಲ್ಲಿ ಕಷ್ಟದ ಪ್ರಶ್ನೆಯನ್ನೇ ಮೊದಲು ಇಟ್ಟಿದ್ದಾನೆ.

ಏರಿನ ಬಗ್ಗೆ ದೂರಿಲ್ಲ. ಎಂಟು ಕಿಲೋಮೀಟರು ಹೋದರೆ ಒರಿಸಾನ್‌ನಲ್ಲಿ ಕಾಫಿ ಸಿಗುತ್ತದೆ. ಇನ್ನೂ ಮೇಲೆ ಬಂಡೆಗಳ ನಡುವೆ ಯೇಸುವಿನ ತಾಯಿ ಮರಿಯಮ್ಮನವರ ಪುಟ್ಟ ಪ್ರತಿಮೆ, ನಡೆದವರು ಬಿಟ್ಟುಹೋದ ಜಪಮಾಲೆಗಳು. ಮಂಜಿನೊಳಗಿಂದ ಕುರಿಗಳ ಗಂಟೆಸದ್ದು. ಏದುಸಿರು ಬಿಡುತ್ತಾ ನಿಂತರೆ ದಾಟಿ ಹೋಗುವವರೆಲ್ಲ 'ಬುಯೆನ್ ಕಮೀನೊ', ಅಂದರೆ ದಾರಿ ಒಳ್ಳೆಯದಾಗಲಿ, ಅನ್ನುತ್ತಾರೆ. ಸುಸ್ತಾದದ್ದಕ್ಕೂ ಒಂದು ಮರ್ಯಾದೆ ಇರುತ್ತದೆ. ಫ್ರಾನ್ಸು ಮುಗಿದು ಸ್ಪೇನ್ ಶುರುವಾಗುವಲ್ಲಿ ದನ ದಾಟದ ಹಾಗೆ ನೆಲಕ್ಕೆ ಹಾಸಿದ ಕಬ್ಬಿಣದ ಸರಳುಗಳು, ಅಷ್ಟೇ. ಪಾಸ್‌ಪೋರ್ಟು ತೋರಿಸೋಣವೆಂದರೆ ಒಂದು ಕುರಿ ಬಿಟ್ಟು ಯಾರೂ ಇರಲಿಲ್ಲ.

ಲೆಪೋಎದೆರ್ ಎಂಬ ನೆತ್ತಿ ಸುಮಾರು 1,430 ಮೀಟರ್ ಎತ್ತರದಲ್ಲಿದೆ. ಅಲ್ಲಿ ನಿಂತರೆ ಕೆಳಗೆ ಆ ರಾತ್ರಿ ತಂಗಬೇಕಿದ್ದ ರೊನ್ಸೆಸ್‌ವಾಯೆಸ್ ಮಠದ ಚಾವಣಿ ಕಾಣುತ್ತದೆ. ಆ ದಿನದ ತಪ್ಪು ಅಲ್ಲೇ ಆದದ್ದು. ಬಲಕ್ಕೆ ಇಬಾನ್ಯೆಟಾ ಘಾಟಿಯ ಕಡೆಯಿಂದ ಸುತ್ತಿ ಹೋಗುವ ಮೆತ್ತನೆಯ ದಾರಿ. ನೇರ ಹೋದರೆ ಬೀಚ್ ಮರಗಳ ಕಾಡಿನೊಳಗೆ ಕಡಿದಾದ ಇಳಿಜಾರು. ಬಲಕ್ಕೆ ಹೋಗಿ ಅಂತ ಬೆಳಿಗ್ಗೆ ಯಾತ್ರಿಕರ ಕಚೇರಿಯಲ್ಲಿ ಹೇಳಿಯೇ ಕಳಿಸಿದ್ದರು. ಆದರೆ ಕಣ್ಣಿಗೆ ಚಾವಣಿ ಕಂಡಾಗಿತ್ತು. ಹತ್ತುವಾಗ ಮನಸ್ಸು ಕಾಲಲ್ಲೇ ಇರುತ್ತದೆ, ಇಳಿಯುವಾಗ ಅದು ಆಗಲೇ ಹೋಗಿ ಊಟಕ್ಕೆ ಕೂತಿರುತ್ತದೆ.

778ರಲ್ಲಿ ಸ್ಪೇನಿನಿಂದ ಮರಳುತ್ತಿದ್ದ ಫ್ರಾಂಕರ ದೊರೆ ಶಾರ್ಲಮೇನನ ಸೈನ್ಯಕ್ಕೂ ಈ ಬೆಟ್ಟಗಳಲ್ಲೇ ಪೆಟ್ಟು ಬಿತ್ತು. ಮೇಲೆ ಹೊಂಚುಹಾಕಿದ್ದ ಈ ಬೆಟ್ಟಸೀಮೆಯ ಬಾಸ್ಕ್ ಜನರು ಹಿಂಬದಿಯ ತುಕಡಿಯನ್ನು ಕಣಿವೆಗೆ ತಳ್ಳಿ ಮುಗಿಸಿದರು. ರೋಲಾಂಡ್ ಎಂಬ ವೀರ ಸತ್ತದ್ದು ಆಗಲೇ. ಅವರೆಲ್ಲ ಮನೆಗೆ ಹೊರಟವರು. ಮನಸ್ಸು ಎಲ್ಲಿತ್ತು ಅಂತ ಊಹಿಸಬಲ್ಲೆ.

ನನ್ನನ್ನು ತಳ್ಳಲು ಬಾಸ್ಕರು ಬೇಕಾಗಲಿಲ್ಲ, ಬೆನ್ನ ಮೇಲಿನ ಚೀಲವೇ ಸಾಕಾಯಿತು. ಒದ್ದೆ ಎಲೆಗಳ ಮೇಲೆ ಹೆಜ್ಜೆ ನಿಲ್ಲದು. ಅರ್ಧ ದಾರಿಗೆ ಮಂಡಿ ಎರಡೂ ನನ್ನ ಮಾತು ಕೇಳುವುದನ್ನು ಬಿಟ್ಟವು. ಎಪ್ಪತ್ತು ದಾಟಿದ ಅಜ್ಜಿಯೊಬ್ಬರು ಏಡಿಯ ಹಾಗೆ ಅಡ್ಡಡ್ಡ ಹೆಜ್ಜೆ ಇಡುತ್ತಾ ನನ್ನನ್ನು ದಾಟಿ ಹೋದರು. ನಾನೂ ಏಡಿಯಾದೆ. ಶ್ರವಣಬೆಳಗೊಳದಲ್ಲಿ ಬಂಡೆಯ ಮೆಟ್ಟಿಲಿಗೆ ಹೆದರಿ ಬರೀ ಸಾಕ್ಸಿನಲ್ಲಿ ಹೀಗೇ ಇಳಿದಿದ್ದೆ. ಅದನ್ನೂ ಯಾರಿಗೂ ಹೇಳಿರಲಿಲ್ಲ ಬಿಡಿ.

ಸಂಜೆ ಮಠದ ಚರ್ಚಿನಲ್ಲಿ ಯಾತ್ರಿಕರಿಗಾಗಿ ಪೂಜೆ. ಮೊಣಕಾಲೂರುವ ಹೊತ್ತು ಬಂದಾಗ ಅರ್ಧ ಸಭೆ ಅರ್ಧಕ್ಕೇ ಬಗ್ಗಿ ಮುಂದಿನ ಬೆಂಚು ಹಿಡಿದು ನಿಂತಿತು. ಪಾದ್ರಿಗಳಿಗೆ ಇದು ದಿನಾ ಕಾಣುವ ನೋಟ ಇರಬೇಕು, ಮುಖದಲ್ಲಿ ಬೇಸರವೇನೂ ಕಾಣಲಿಲ್ಲ.

ತಂಗುವ ಮನೆಯಲ್ಲಿ ಒಂದರ ಮೇಲೊಂದು ಮಂಚ. ಕೆಳಗಿನದು ಅದೇ ಅಜ್ಜಿಗೆ, ಮೇಲಿನದು ನನಗೆ. ಏಣಿ ಹಿಡಿದು ಸರಸರ ಹತ್ತಿಬಿಟ್ಟೆ. ರಾತ್ರಿ ಎರಡು ಗಂಟೆಗೆ ಬಾತ್‌ರೂಮಿಗೆ ಹೋಗಬೇಕು ಅನ್ನಿಸಿತು.