ಬಾಲ ತಂದರೆ ಬಿಲ್ ಪಾಸ್

ಮೊನ್ನೆ ಒಂದು ಮದುವೆಗೆ ಹೋಗಿದ್ದೆ. ಮೊದಲ ಪಂಕ್ತಿ ಆಗಲೇ ತುಂಬಿತ್ತು. ಊಟದ ಹಾಲ್ ಬಾಗಿಲಲ್ಲಿ ನಿಂತಿದ್ದಾಗ ದೂರದ ನೆಂಟರೊಬ್ಬರು ಮೊಬೈಲ್ ತೆಗೆದು ನನ್ನ ಮೂಗಿನ ಹತ್ತಿರ ಹಿಡಿದರು. 'ತಾಳಿಕೋಟೆಯಲ್ಲಿ ನಾವು ಗೆದ್ದಿದ್ದರೆ' ಎಂದು ಶುರುವಾಗುವ ಫಾರ್ವರ್ಡ್. 1565ರಲ್ಲಿ ವಿಜಯನಗರ ದಖ್ಖನಿನ ಸುಲ್ತಾನರಿಗೆ ಸೋತ ಯುದ್ಧ ಅದು. ಗೆದ್ದಿದ್ದರೆ ವಿಜಯನಗರ ಇವತ್ತಿಗೂ ಇರುತ್ತಿತ್ತಂತೆ. ಹಂಪಿಯೇ ರಾಜಧಾನಿ. ಆ ಕಾಲದ ಚಿನ್ನದ ನಾಣ್ಯ ವರಾಹದ ಮುಂದೆ ಡಾಲರ್ ಕೈಕಟ್ಟಿ ನಿಲ್ಲುತ್ತಿತ್ತು. ಮುತ್ತುರತ್ನ ಸೇರಿನಲ್ಲಿ ಅಳೆದು ಕೊಡುತ್ತಿದ್ದರು. ಕೊನೆಗೆ, ಹೆಮ್ಮೆ ಇದ್ದರೆ ಹತ್ತು ಜನರಿಗೆ ಕಳಿಸಿ. ಅವರ ಲೆಕ್ಕದಲ್ಲಿ ನಾನು ಒಂಬತ್ತನೆಯವನು.

'ಆಗ ನೀವು ಏನಾಗಿರ್ತಿದ್ರಿ ಸಾರ್?' ಅಂತ ಕೇಳಿದೆ.

'ಕಡಿಮೆ ಅಂದ್ರೂ ಮಹಾಮಂಡಲೇಶ್ವರ' ಅಂದರು, ಅಂದರೆ ದೊಡ್ಡ ಸಾಮಂತ. ಒಂದು ಕ್ಷಣವೂ ಯೋಚಿಸಲಿಲ್ಲ.

ಇದೇ ನೋಡಿ ಮಜಾ. ಸಾಮ್ರಾಜ್ಯ ಉಳಿದಿದ್ದರೆ ಎಂದು ಕನಸು ಕಾಣುವವರೆಲ್ಲ ಪಲ್ಲಕ್ಕಿಯ ಒಳಗೇ ಕೂತಿರುತ್ತಾರೆ. ನಾನು ಹೊರುವವನಾಗಿರುತ್ತಿದ್ದೆ ಅಂತ ಒಬ್ಬನೂ ಹೇಳಿದ್ದು ಕೇಳಿಲ್ಲ. ಸುಂಕದ ಕಟ್ಟೆಯಲ್ಲಿ ಎತ್ತಿನ ಗಾಡಿ ನಿಲ್ಲಿಸಿಕೊಂಡು ಬೆವರುವವನೂ ಯಾರೂ ಅಲ್ಲ. ಹಾಗಾದರೆ ಆ ಪಲ್ಲಕ್ಕಿ ಗಾಳಿಯಲ್ಲಿ ಹೋಗುತ್ತಿತ್ತಾ?

ನನಗಂತೂ ವಿಜಯನಗರ ಉಳಿದಿದ್ದರೆ ಹೊಸತು ಅನ್ನಿಸುವಂಥದ್ದು ಏನೂ ಇರುತ್ತಿರಲಿಲ್ಲ ಅಂತ ಖಾತ್ರಿ. ಕುದುರೆ ಖರೀದಿಯನ್ನೇ ತಗೊಳ್ಳಿ. ಒಳ್ಳೆಯ ಕುದುರೆ ಬರುತ್ತಿದ್ದದ್ದು ಸಮುದ್ರದ ಆಚೆಯಿಂದ, ಒರ್ಮುಜ್ ಕಡೆಯಿಂದ. ದಾರಿಯಲ್ಲೇ ಎಷ್ಟೋ ಸಾಯುತ್ತಿದ್ದವು. ಆಗ ವಿಜಯನಗರದ ದೊರೆ ಸಾಳುವ ನರಸಿಂಹ ವ್ಯಾಪಾರಿಗಳಿಗೆ ಒಂದು ಭರವಸೆ ಕೊಟ್ಟ ಎಂದು ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಬರೆದಿಟ್ಟಿದ್ದಾನೆ. ಬದುಕಿರಲಿ, ಸತ್ತಿರಲಿ, ಸಾವಿರ ವರಾಹಕ್ಕೆ ಮೂರು ಕುದುರೆ. ಸಮುದ್ರದಲ್ಲಿ ಸತ್ತರೆ ಬಾಲ ತಂದು ತೋರಿಸಿದರೆ ಸಾಕು, ಪೂರ್ತಿ ದುಡ್ಡು.

ಆ ಕಾಲಕ್ಕೆ ಅದು ದಡ್ಡತನ ಅಲ್ಲ ಬಿಡಿ. ವ್ಯಾಪಾರಿ ನಷ್ಟಕ್ಕೆ ಹೆದರದೆ ಕುದುರೆ ತರಲಿ ಅನ್ನೋ ಜಾಣ ಲೆಕ್ಕ. ಆದರೆ ಆ ಯೋಜನೆ ಐನೂರು ವರ್ಷ ನಿಲ್ಲದೆ ನಡೆದು ಬಂದಿದ್ದರೆ? ಇವತ್ತು ಹಂಪಿಯಲ್ಲಿ ಆನೆಲಾಯದ ಪಕ್ಕ ಬಾಲ ಪರಿಶೀಲನಾ ಇಲಾಖೆ ಇರುತ್ತಿತ್ತು. ಬಾಲಕ್ಕೆ ಮೂರು ಜೆರಾಕ್ಸ್, ಅದರ ಮೇಲೆ ಗೆಜೆಟೆಡ್ ಅಧಿಕಾರಿಯ ಸಹಿ. ಕುದುರೆ ಸತ್ತ ದಿನ ಅದು ಬದುಕಿತ್ತು ಎನ್ನುವುದಕ್ಕೆ ದಾಖಲೆ. ಕುದುರೆ ತರುವವರು ಯಾವತ್ತೋ ನಿಂತುಹೋಗಿರುತ್ತಿದ್ದರು. ಬಾಲ ಮಾತ್ರ ಬರುತ್ತಲೇ ಇರುತ್ತಿತ್ತು, ಅದೂ ತೆಂಗಿನ ನಾರಿನದು. ಪ್ರತಿ ವರ್ಷ ಬಜೆಟ್‌ನಲ್ಲಿ ಬಾಲಕ್ಕೆ ಹೆಚ್ಚುವರಿ ಅನುದಾನ. ಅಶ್ವಬಲ ದಾಖಲೆ ಮಟ್ಟಕ್ಕೆ ಏರಿದೆ ಎಂದು ಜಾಹೀರಾತು. ಲಾಯಕ್ಕೆ ಹೋಗಿ ನೋಡಿದರೆ ಒಂದು ಕುದುರೆ ಇರುತ್ತಿತ್ತು. ಅದಕ್ಕೆ ಬಾಲ ಇರುತ್ತಿರಲಿಲ್ಲ.

ಕೆರೆಯ ಕತೆ ಇದಕ್ಕಿಂತ ಜೋರು. ಕೃಷ್ಣದೇವರಾಯ ಒಂದು ದೊಡ್ಡ ಕೆರೆ ಕಟ್ಟಿಸುತ್ತಿದ್ದುದನ್ನು ಇನ್ನೊಬ್ಬ ಪೋರ್ಚುಗೀಸ, ಪೇಯಸ್, ಕಣ್ಣಾರೆ ನೋಡಿದ್ದ. ಹದಿನೈದಿಪ್ಪತ್ತು ಸಾವಿರ ಜನ ಇರುವೆಗಳ ಹಾಗೆ ದುಡಿಯುತ್ತಿದ್ದರಂತೆ. ಕೆಲಸವನ್ನು ರಾಯರ ಕೈಕೆಳಗಿನ ನಾಯಕರಿಗೆ ಪಾಲು ಹಂಚಿದ್ದರು. ನಮ್ಮ ಭಾಷೆಯಲ್ಲಿ ಹೇಳಬೇಕೆಂದರೆ ಪ್ಯಾಕೇಜ್ ಟೆಂಡರ್. ಕೆರೆ ಎರಡು ಮೂರು ಸಲ ಒಡೆಯಿತು. ಗಾರೆಯಲ್ಲಿ ಏನು ಕಮ್ಮಿ ಆಯ್ತು ಅಂತ ಯಾರಾದರೂ ಕೇಳಿದರಾ? ಪೇಯಸ್ ಅದನ್ನು ಬರೆದಿಲ್ಲ. ದೇವರಿಗೆ ಮನುಷ್ಯರ, ಕುದುರೆಗಳ, ಕೋಣಗಳ ರಕ್ತ ಬೇಕು ಅಂದರು ಅರ್ಚಕರು. ಸೆರೆಮನೆಯಲ್ಲಿ ಮರಣದಂಡನೆಗೆ ಕಾಯುತ್ತಿದ್ದವರನ್ನು ತಂದು ತಲೆ ಕಡಿದರು. ಪಾಲು ಹಿಡಿದ ನಾಯಕರಲ್ಲಿ ಒಬ್ಬನ ತಲೆ ಹೋಯಿತು ಅಂತ ಎಲ್ಲೂ ಇಲ್ಲ. ಈಗ ಸೇತುವೆ ಕುಸಿದರೆ ಕೆಳದರ್ಜೆಯ ಒಬ್ಬ ಎಂಜಿನಿಯರ್ ಅಮಾನತಾಗುತ್ತಾನೆ. ಐನೂರು ವರ್ಷದಲ್ಲಿ ಇಷ್ಟಾದರೂ ಸುಧಾರಿಸಿದ್ದೇವೆ ಅನ್ನಬೇಕು.

ಬೆಂಗಳೂರಿನವರು ಈ ಫಾರ್ವರ್ಡನ್ನು ಹಂಚುವಾಗ ಸ್ವಲ್ಪ ಹುಷಾರಾಗಿರಬೇಕು. ಊರು ಕಟ್ಟಿದ ಕೆಂಪೇಗೌಡರು ಅಪ್ಪಣೆ ಇಲ್ಲದೆ ಭೈರವ ನಾಣ್ಯ ಟಂಕಿಸಿದರು ಅಂತ ಆನೆಗೊಂದಿಯಲ್ಲಿ ಐದು ವರ್ಷ ಸೆರೆಯಲ್ಲಿಟ್ಟರು ಎಂದು ಹೇಳುತ್ತಾರೆ. ಹಂಪಿ ಗೆದ್ದು ಉಳಿದಿದ್ದರೆ ಕ್ರಿಪ್ಟೋ ಮಾಡುವ ನಮ್ಮ ಹುಡುಗರಿಗೆಲ್ಲ ಅಲ್ಲೇ ಪಕ್ಕದ ಕೋಣೆ. ಬೋರ್ಡಿನ ಜಗಳವೂ ತಪ್ಪುತ್ತಿರಲಿಲ್ಲ. ರಾಯರ ಬಿರುದು 'ಕನ್ನಡ ರಾಜ್ಯ ರಮಾರಮಣ'. ಕೂತು ಬರೆದ ಕಾವ್ಯ 'ಆಮುಕ್ತಮಾಲ್ಯದ', ತೆಲುಗಿನಲ್ಲಿ. ಬೋರ್ಡಿನಲ್ಲಿ ಅರವತ್ತು ಪರ್ಸೆಂಟ್ ಕನ್ನಡ ಅನ್ನೋ ಲೆಕ್ಕ ಎಲ್ಲಿಂದ ಶುರು ಮಾಡೋಣ?

ಸುಂಕದ ವಿಷಯ ಸಂಕ್ಷೇಪವಾಗಿ ಹೇಳುತ್ತೇನೆ, ಜಾಸ್ತಿ ಹೇಳಿದರೆ ಯಾರಿಗಾದರೂ ಐಡಿಯಾ ಬಂದೀತು. ಮದುವೆಗೂ ಸುಂಕವಿತ್ತು. ಕ್ಷೌರಿಕರಿಗೂ ಇತ್ತು. ಆಗ ರಾಜ್ಯದ ಚುಕ್ಕಾಣಿ ಹಿಡಿದಿದ್ದ ಅಳಿಯ ರಾಮರಾಯನನ್ನು ಮೆಚ್ಚಿಸಿ ಕ್ಷೌರಿಕರ ಸುಂಕ ಮಾಫಿ ಮಾಡಿಸಿದವರಲ್ಲಿ ಕೊಂಡೋಜ ಎಂಬ ಕ್ಷೌರಿಕನ ಹೆಸರು ಶಾಸನದಲ್ಲೇ ಇದೆ. ದೊರೆಯ ಕುತ್ತಿಗೆ ಹತ್ತಿರ ಕತ್ತಿ ಹಿಡಿದವನ ಮನವಿಗೆ ಬೇಗ ಸ್ಪಂದನೆ ಸಿಗುತ್ತದೆ. ನೇಕಾರನಿಗೆ, ಗಾಣದವನಿಗೆ ಆ ಅನುಕೂಲ ಎಲ್ಲಿತ್ತು, ಪಾಪ.

ಇಷ್ಟಕ್ಕೂ ಈ 'ಉಳಿದಿದ್ದರೆ' ಅನ್ನೋ ಮಾತೇ ಸ್ವಲ್ಪ ಅಡ್ಡಾದಿಡ್ಡಿ. ವಿಜಯನಗರ 1565ರ ಜನವರಿಯಲ್ಲಿ ಒಂದೇ ದಿನ ಮುಗಿದುಹೋಗಲಿಲ್ಲ. ಯುದ್ಧ ಕೈತಪ್ಪಿತು, ಎಂಬತ್ತರ ಆಸುಪಾಸಿನ ರಾಮರಾಯ ಸತ್ತ. ಸುಲ್ತಾನರಲ್ಲಿ ಇವತ್ತು ಒಬ್ಬನ ಜೊತೆ, ನಾಳೆ ಇನ್ನೊಬ್ಬನ ಜೊತೆ ಅಂತ ವರ್ಷಾನುಗಟ್ಟಲೆ ಮೈತ್ರಿ ಆಡಿದವನು ಅವನು. ಬಿಜಾಪುರದ ಅಲಿ ಆದಿಲ್ ಶಾಹನನ್ನು ಮಗ ಅಂತ ಕರೆದಿದ್ದ. ಕೊನೆಗೆ ಆ ಮಗನೂ ಎದುರು ಪಕ್ಷಕ್ಕೆ ಹೋದ. ನಮಗೆ ಗೊತ್ತಿಲ್ಲದ ಸಿನಿಮಾನಾ ಇದು?

ರಾಮರಾಯನ ತಮ್ಮ ತಿರುಮಲ ಆನೆಗಳ ಮೇಲೆ ಖಜಾನೆ ಹೇರಿಕೊಂಡು, ಹೆಸರಿಗೆ ರಾಜನಾಗಿದ್ದ ಸದಾಶಿವರಾಯನನ್ನೂ ಕರೆದುಕೊಂಡು ಪೆನುಕೊಂಡೆಗೆ ಹೊರಟ. ಊರಿನ ಜನ ಊರಿನಲ್ಲೇ ಉಳಿದರು. ರಾಜ್ಯ ಮಾತ್ರ ಪೆನುಕೊಂಡೆಯಿಂದ ಚಂದ್ರಗಿರಿ, ಅಲ್ಲಿಂದ ವೆಲ್ಲೂರು ಅಂತ ಇನ್ನೂ ಎಂಬತ್ತು ವರ್ಷ ಬದುಕಿತ್ತು. ಅಂದರೆ ನಮ್ಮ ನೆಂಟರ ಕನಸಿನ ಒಂದು ಸ್ಯಾಂಪಲ್ ಆಗಲೇ ನಡೆದುಹೋಗಿದೆ. ಉಳಿದ ರಾಜ್ಯ ಏನು ಮಾಡಿತು? ದಾಯಾದಿಗಳು ಹೊಡೆದಾಡಿಕೊಂಡರು. ನಾಯಕರು ಕಪ್ಪ ಕೊಡುವುದು ಬಿಟ್ಟರು. 1639ರಲ್ಲಿ ಅದರದೇ ಒಬ್ಬ ನಾಯಕ ಈಸ್ಟ್ ಇಂಡಿಯಾ ಕಂಪನಿಗೆ ಸಮುದ್ರದಂಡೆಯ ಮರಳು ಜಾಗ ಬರೆದುಕೊಟ್ಟ. ಅದೇ ಮುಂದೆ ಮದರಾಸು. ವಿದೇಶಿ ಕಂಪನಿಗೆ ರಿಯಾಯಿತಿಯಲ್ಲಿ ಜಮೀನು, ಜೊತೆಗೆ ಕೋಟೆ ಕಟ್ಟಲು ಅನುಮತಿ. ಬಂಡವಾಳ ಹೂಡಿಕೆದಾರರ ಸಮಾವೇಶ ಒಂದು ಬಾಕಿ.

ಇದನ್ನೆಲ್ಲ ನೆಂಟರಿಗೆ ಹೇಳಿದೆ. ಅವರು ಫೋನಿನಿಂದ ತಲೆ ಎತ್ತಲಿಲ್ಲ. ಹಂಪಿಗೆ ಹೋಗಿದ್ದೀರಾ ಅಂತ ಕೇಳಿದೆ. 'ಹೋಗದೆ! ವಿಠ್ಠಲ ದೇವಸ್ಥಾನದ ಕಂಬ ಬಡಿದರೆ ಸರಿಗಮ ಬರುತ್ತೆ ಅಂದ್ರು. ಸೆಕ್ಯುರಿಟಿಯವನು ಬಿಡಲಿಲ್ಲ. ಅವನು ಆ ಕಡೆ ತಿರುಗಿದಾಗ ಎರಡು ಬಡಿದೆ' ಎಂದರು. ಮುಖದಲ್ಲಿ ಸಾಮ್ರಾಜ್ಯ ಗೆದ್ದ ಕಳೆ.

ಅಷ್ಟರಲ್ಲಿ ಹಾಲಿನ ಬಾಗಿಲು ತೆರೆಯಿತು. ಮೊದಲ ಪಂಕ್ತಿಯವರು ಇನ್ನೂ ಮಜ್ಜಿಗೆಯಲ್ಲಿದ್ದರು. ಮಹಾಮಂಡಲೇಶ್ವರರು ಪಂಚೆ ಎತ್ತಿ ಕಟ್ಟಿ ಒಳಗೆ ನುಗ್ಗಿದರು. ಪಾಯಸದ ದೊನ್ನೆ ನೆಕ್ಕುತ್ತಿದ್ದ ಒಬ್ಬ ಮುದುಕರ ಬೆನ್ನ ಹಿಂದೆ ಹೋಗಿ ನಿಂತು, ಅವರ ಕುರ್ಚಿಯ ಹೆಗಲಿಗೆ ತಮ್ಮ ಕರ್ಚೀಫ್ ಹಾಕಿದರು. ಆಮೇಲೆ ಪಕ್ಕದ ಕುರ್ಚಿಗೂ ಮೊಬೈಲ್ ಇಟ್ಟು ನನ್ನ ಕಡೆ ಕೈ ಬೀಸಿದರು, ಬೇಗ ಬನ್ನಿ ಅಂತ.

ನಾನು ಹೋದೆ. ಹಸಿವಾಗಿತ್ತು.