ಹನ್ನೆರಡು ವಾರದ ಬಾಣಂತನ

ನನಗೆ 52 ವರ್ಷ. ಗಂಡಸು. ದುಡ್ಡು ಕೊಟ್ಟು ಮಾಡಿಸಿಕೊಂಡ ನನ್ನ ಊಟದ ಪ್ಲಾನ್‌ನ ಮೊದಲ ಸಾಲು ಹೀಗಿತ್ತು: "ಹಾಯ್ ಪ್ರಿಯಾ, ಹೆರಿಗೆಯಾಗಿ ಆರು ವಾರ ಆಯ್ತಲ್ವಾ, ಇನ್ಮೇಲೆ ನಿಧಾನವಾಗಿ ಹೊಟ್ಟೆ ಕರಗಿಸೋಣ."

ಇದನ್ನು ಗಟ್ಟಿಯಾಗಿ ಓದಿದ್ದು ನನ್ನ ತಪ್ಪು. ಅಡುಗೆಮನೆಯಿಂದ ಹೆಂಡತಿ "ಹೆಣ್ಣೋ ಗಂಡೋ?" ಅಂತ ಕೇಳಿದಳು. ಅತ್ತೆಗೆ ಫೋನ್ ಹೋಯಿತು. ಭಾನುವಾರ ಅವರು ಬಂದಾಗ ಕೈಯಲ್ಲಿ ಒಂದು ಡಬ್ಬಿ ಅಂಟಿನುಂಡೆ ಇತ್ತು. "ಸೊಂಟಕ್ಕೆ ಒಳ್ಳೇದು, ತಿನ್ನಿ ಅಳಿಯಂದ್ರೇ" ಅಂದರು, ಮುಖದಲ್ಲಿ ನಗುವಿನ ಗೆರೆಯೂ ಇಲ್ಲದೆ.

ಪ್ಲಾನ್ ಮಾಡಿದ ಕೋಚ್ ಹುಡುಗ ಕೆಟ್ಟವನಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ನಾಲ್ಕು ವರ್ಷದ ಹಿಂದೆ ಹರಿಹರದ ರಸ್ತೆಯಲ್ಲಿ ಸೈಟ್ ತೋರಿಸುತ್ತಿದ್ದ. ಆಮೇಲೆ ಇನ್ಶೂರೆನ್ಸ್ ಮಾಡಿಸಿದ. ಈಗ ವೆಲ್‌ನೆಸ್. ಆಗ "ಏರುತ್ತೆ ಅಂಕಲ್, ಏರುತ್ತೆ" ಅನ್ನುತ್ತಿದ್ದ, ಈಗ "ಇಳಿಯುತ್ತೆ ಅಂಕಲ್, ಇಳಿಯುತ್ತೆ" ಅನ್ನುತ್ತಾನೆ. ಎರಡೂ ಸಲ ನಂಬಿದವನು ನಾನೇ. ಎರಡು ಮೆಡಿಕಲ್ ಕಾಲೇಜು ಇರೋ ಊರು ನಮ್ಮ ದಾವಣಗೆರೆ. ಡಯಟೀಷಿಯನ್ ಆಗಬೇಕು ಅಂದರೆ ವರ್ಷಗಟ್ಟಲೆ ಕೂತು ಓದಬೇಕು. ಕೋಚ್ ಆಗೋಕೆ ಎರಡು ಭಾನುವಾರ ಮೊಬೈಲ್ ಮುಂದೆ ಕೂತರೆ ಸಾಕು, ಸರ್ಟಿಫಿಕೇಟ್ ಮೇಲೆ ಹೊಳೆಯೋ ಮುದ್ರೆ ಬೇರೆ. ಅವನ ಕೋರ್ಸಿನಲ್ಲಿ ಪ್ರೋಗ್ರಾಂ ಡಿಸೈನ್ ಅಂತಲೇ ಒಂದು ಪಾಠ ಇತ್ತಂತೆ. ಒಂದು ಸಲ ಚೆನ್ನಾಗಿ ಡಿಸೈನ್ ಮಾಡಿಟ್ಟುಕೊಂಡರೆ ಹೆಸರು ಮಾತ್ರ ಬದಲಾಯಿಸಿದರೆ ಆಯಿತು ಅಂತ ಅಲ್ಲಿ ಕಲಿಸಿದರಂತೆ. ನನ್ನ ವಿಷಯದಲ್ಲಿ ಅದನ್ನೂ ಬದಲಾಯಿಸಲಿಲ್ಲ. ಆದರೆ ಪ್ರತಿ ಪುಟದ ಕೆಳಗೆ "ಪರ್ಸನಲೈಸ್ಡ್" ಅಂತ ದಪ್ಪಕ್ಷರ ಇತ್ತು.

ಪ್ಯಾಕೇಜ್ ಮೂರು ಥರ: ಸಿಲ್ವರ್, ಗೋಲ್ಡ್, ಪ್ಲಾಟಿನಂ. ನಾನು ಗೋಲ್ಡ್, 7,499 ರೂಪಾಯಿ. ಪ್ಲಾಟಿನಂನಲ್ಲಿ ಏನು ಜಾಸ್ತಿ ಅಂದರೆ ಒಂದು ನೀರಿನ ಬಾಟಲಿ.

ಮೊದಲ ದಿನ ಆರು ಪುಟದ ಫಾರಂ ತುಂಬಬೇಕಿತ್ತು. "ಆಹಾರದ ಜೊತೆ ನಿಮ್ಮ ಸಂಬಂಧ ಹೇಗಿದೆ?" ನಮ್ಮ ಕಡೆ ಸಂಬಂಧ ಅಂದರೆ ಬೀಗತನ. ನಾನು "ಹಳೇ ಸಂಬಂಧ, ಕೊಟ್ಟು ತಗೊಂಡು ಚೆನ್ನಾಗಿದ್ದೀವಿ" ಅಂತ ಬರೆದೆ. "ನಿಮ್ಮ ಕನಸಿನ ದೇಹಕ್ಕೆ ಒಂದು ಬಣ್ಣ ಕೊಟ್ಟರೆ ಅದು ಯಾವುದು?" ಅಂತಲೂ ಇತ್ತು. ಮನೆಯಲ್ಲಿ ಅಡುಗೆ ಮಾಡೋರು ಯಾರು, ಎಷ್ಟು ಹೊತ್ತಿಗೆ ಊಟ, ಯಾವ ಮಾತ್ರೆ ತಗೋತೀರಿ, ಸಕ್ಕರೆ ಕಾಯಿಲೆ ಇದೆಯಾ, ಕಿಡ್ನಿ ಹೇಗಿದೆ, ಇದ್ಯಾವುದೂ ಇರಲಿಲ್ಲ. ಕೊನೆಯ ಪುಟದ ಕೊನೆಯಲ್ಲಿ "ಇತರೆ" ಅಂತ ಒಂದು ಗೆರೆ ಇತ್ತು, ಬಹುಶಃ ಕಿಡ್ನಿ ಅಲ್ಲಿ ಹಿಡಿಸುತ್ತೆ ಅಂತ ಇರಬೇಕು.

ಆಮೇಲೆ ಬರಿಗಾಲಲ್ಲಿ ಮಷಿನ್ ಮೇಲೆ ನಿಲ್ಲಿಸಿದ. ಅದು ಮೈಯೊಳಗೆ ಸಣ್ಣ ಕರೆಂಟ್ ಹಾಯಿಸಿ, ಎಷ್ಟು ತಡೆ ಬಂತು ಅಂತ ನೋಡಿ, ಒಳಗಿನ ಕೊಬ್ಬನ್ನು ಅಂದಾಜು ಮಾಡುತ್ತೆ. ಅಂದಾಜು ಅಷ್ಟೇ. ಎರಡು ಲೋಟ ನೀರು ಕುಡಿದು ಬಂದರೂ ಲೆಕ್ಕ ಆ ಕಡೆ ಈ ಕಡೆ ಆಗುತ್ತೆ. ಮಷಿನ್ ಪ್ರಕಾರ ನನ್ನ ಮೆಟಬಾಲಿಕ್ ವಯಸ್ಸು 67. "ಅಂಕಲ್, ನಿಮ್ಮ ಮೈಗೆ ನಿಮಗಿಂತ ಹದಿನೈದು ವರ್ಷ ಜಾಸ್ತಿ" ಅಂತ ಗಂಭೀರವಾಗಿ ಹೇಳಿದ. ಹಾಗಾದರೆ ನನ್ನ ಮೈಗೆ ಬಸ್ಸಿನಲ್ಲಿ ಹಿರಿಯರ ರಿಯಾಯಿತಿ ಸಿಗುತ್ತಾ ಅಂತ ಕೇಳಬೇಕು ಅನ್ನಿಸಿತು, ಸುಮ್ನೆ ಆದೆ.

ಈಗ ಪ್ಲಾನ್. ಸೋಮವಾರ ಬೆಳಿಗ್ಗೆ ರಾತ್ರಿಯೆಲ್ಲ ನೆನೆಸಿದ ಓಟ್ಸ್, ಬಾದಾಮಿ ಹಾಲು, ಚಿಯಾ. ಮಧ್ಯಾಹ್ನ ಕಿನೋವಾ ಬೌಲ್. ನಾಲ್ಕು ಗಂಟೆಗೆ ಒಂದು ಹಿಡಿ ಬ್ಲೂಬೆರಿ. ರಾತ್ರಿ ಜುಕಿನಿ ನೂಡಲ್ಸ್. ಜುಕಿನಿ ಹುಡುಕಿಕೊಂಡು ನಾನೂ ಹೆಂಡತಿಯೂ ತರಕಾರಿ ಮಾರ್ಕೆಟ್ಟಿಗೆ ಹೋದೆವು. ಸೊಪ್ಪಿನ ಅಜ್ಜಿಗೆ ಕೇಳಿದರೆ ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಜಕ್ಕಿಣಿನಾ? ಅದನ್ನ ಅಮಾಸಿ ದಿನ ಬಿಡಿಸ್ತಾರೆ ಕಣಪ್ಪ, ಇಲ್ಲಿ ಸಿಗಲ್ಲ" ಅಂದರು. ಎರಡು ಕಟ್ಟು ಪುಂಡಿಸೊಪ್ಪು, ಒಂದು ಕಟ್ಟು ರಾಜಗಿರಿ ಕೊಟ್ಟು ಕಳಿಸಿದರು. ಅವೆರಡೂ ಪ್ಲಾನ್‌ನಲ್ಲಿ ಇರಲಿಲ್ಲವಾದ್ದರಿಂದ, ಆ ರಾತ್ರಿ ಅವನ್ನು ತಿಂದಿದ್ದಕ್ಕೆ ಆ್ಯಪ್ ನನಗೆ ಕೆಂಪು ಬಣ್ಣ ತೋರಿಸಿತು.

ಆ್ಯಪ್‌ಗೆ ನಮ್ಮೂರಿನ ಮೇಲೆ ಏನು ಸಿಟ್ಟೋ. ಮಂಡಕ್ಕಿ ಅಂತ ಹೊಡೆದರೆ ಗೊತ್ತೇ ಇಲ್ಲ ಅನ್ನುತ್ತೆ. "ಪಫ್ಡ್ ರೈಸ್" ಅಂದರೆ ಎಷ್ಟು ಕಪ್ ಅನ್ನುತ್ತೆ. ಮಂಡಕ್ಕಿ ಭಟ್ಟಿಗೇ ಹೆಸರಾದ ದಾವಣಗೆರೆಯಲ್ಲಿ ಮಂಡಕ್ಕಿಯನ್ನು ಕಪ್ಪಿನಲ್ಲಿ ತಿಂದವರನ್ನು ನಾನಂತೂ ನೋಡಿಲ್ಲ. ಮುಂದೆ ಪೇಪರ್ ಹಾಸಿ, ಗುಡ್ಡೆ ಸುರಿದು, ಪಕ್ಕದಲ್ಲಿ ಮೆಣಸಿನಕಾಯಿ ಬಜ್ಜಿ ಇಟ್ಟುಕೊಂಡು, ಎದುರು ಕೂತವನ ಗುಡ್ಡೆ ಎಲ್ಲಿ ಮುಗಿದು ನನ್ನದು ಎಲ್ಲಿ ಶುರುವಾಯಿತು ಅಂತ ಗೊತ್ತಾಗದ ಹಾಗೆ ತಿನ್ನೋದು. ಅದನ್ನು ಲೆಕ್ಕಕ್ಕೆ ಹಾಕೋದು ಹೇಗೆ?

ಎರಡನೇ ವಾರ "ಮಿಲೆಟ್ ಫೇಸ್", ಅಂದರೆ ಸಿರಿಧಾನ್ಯದ ಹಂತ, ಶುರು. ಫಾಕ್ಸ್‌ಟೇಲ್ ತಗೊಳ್ಳಿ ಅಂದ. ಫಾಕ್ಸ್‌ಟೇಲ್ ಅಂದರೆ ನರಿಬಾಲ. ಪೊಟ್ಟಣ ತಂದು ಬಿಚ್ಚಿದರೆ ಒಳಗೆ ನವಣೆ! ನಮ್ಮಪ್ಪ ಜಗಳೂರು ಕಡೆಯ ಒಣ ಹೊಲದಲ್ಲಿ ಇದನ್ನೇ ಬೆಳೆಯುತ್ತಿದ್ದ. ಜಗಳೂರು ಆಗ ಚಿತ್ರದುರ್ಗ ಜಿಲ್ಲೆ, 1997ರಲ್ಲಿ ದಾವಣಗೆರೆ ಬೇರೆ ಜಿಲ್ಲೆ ಆದಮೇಲೆ ಈ ಕಡೆ ಬಂತು. ಮನೆಯಲ್ಲಿ ದಿನಾ ನವಣೆ ಅನ್ನ, ಯಾರಾದರೂ ನೆಂಟರು ಬಂದರೆ ಮಾತ್ರ ಅಕ್ಕಿ. ಅಕ್ಕಿ ಅನ್ನ ದಿನಾ ಉಣ್ಣಬೇಕು ಅಂತಲೇ ನಾನು ಓದಿ, ಕೆಲಸ ಹಿಡಿದು, ಊರು ಸೇರಿದ್ದು. ಆ ಹೊಲದಲ್ಲಿ ಈಗ ತಮ್ಮ ಮೆಕ್ಕೆಜೋಳ ಹಾಕುತ್ತಾನೆ. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷ ಅಂತ ಮಾಡಿದ ಮೇಲಂತೂ ನಮ್ಮಪ್ಪನ ಬಡತನ ಜಿಪ್ ಹಾಕಿದ ಪೊಟ್ಟಣದಲ್ಲಿ ಬರುತ್ತಿದೆ, ಅರ್ಧ ಕೆಜಿ ಲೆಕ್ಕದಲ್ಲಿ. ಕೋಚ್ ನನಗೆ ಅದನ್ನು ನೆನೆಸೋದು ಹೇಗೆ ಅಂತ ವಿಡಿಯೋ ಕಳಿಸಿದ.

ಇನ್ನು ವಾಟ್ಸಾಪ್ ಗುಂಪು. ಬೆಳಿಗ್ಗೆ ಐದೂವರೆಗೆ ಮೂವತ್ತು ಜನ ಬಿಸಿನೀರಿನ ಲೋಟದ ಫೋಟೋ ಹಾಕುತ್ತಾರೆ. ಹೊತ್ತು ಹೊತ್ತಿಗೆ ತಟ್ಟೆಯ ಫೋಟೋ ಕಳಿಸಬೇಕು, ಕೋಚ್ ಒಂದೊಂದನ್ನೂ ನೋಡಿ ಉತ್ತರ ಕೊಡುತ್ತಾನೆ ಅಂತ ಗೋಲ್ಡ್ ಪ್ಯಾಕೇಜಿನಲ್ಲಿ ಬರೆದಿತ್ತು. ಒಂದು ದಿನ ಮಗಳಿಗೆ ಕಳಿಸಬೇಕಿದ್ದ ಕರೆಂಟ್ ಬಿಲ್ಲಿನ ಫೋಟೋ ತಪ್ಪಿ ಕೋಚ್‌ಗೆ ಹೋಯಿತು. ತಕ್ಷಣ ಉತ್ತರ: "ಸೂಪರ್ ಅಂಕಲ್! ಪೋರ್ಷನ್ ಕಂಟ್ರೋಲ್ ತುಂಬಾ ಚೆನ್ನಾಗಿದೆ. ಸ್ವಲ್ಪ ಪ್ರೋಟೀನ್ ಸೇರಿಸಿ."

ಪ್ರೋಟೀನ್ ಅಂದರೆ ಅವನ ಬಾಯಲ್ಲಿ ಡಬ್ಬಿ ಅಂತ ಅರ್ಥ. ಪ್ಯಾಕೇಜಿಗೆ ಸೇರದ, ಬೇರೆ ದುಡ್ಡಿನ ಡಬ್ಬಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು ದೊಡ್ಡವರಿಗೆ ಒಂದು ಕೆಜಿ ತೂಕಕ್ಕೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಅಂತ ಲೆಕ್ಕ ಹಾಕಿದ್ದಾರೆ. ಅಂದರೆ 70 ಕೆಜಿಯವನಿಗೆ ಸುಮಾರು 58 ಗ್ರಾಂ. ಬೇಳೆ, ಕಾಳು, ಶೇಂಗಾ, ಮೊಸರು, ತಿನ್ನೋರಿಗೆ ಮೊಟ್ಟೆ ಮೀನು ಸೇರಿದರೆ ಆಗುತ್ತೆ. ಅದೇ ಸಂಸ್ಥೆ 2024ರ ಮೇನಲ್ಲಿ 17 ಸೂಚನೆಗಳ ಪುಸ್ತಕ ಹೊರಡಿಸಿತು. ಮೈ ಕಟ್ಟೋಕೆ ಅಂತ ಪ್ರೋಟೀನ್ ಪುಡಿ ತಿನ್ನಬೇಡಿ ಅನ್ನೋದೂ ಅದರಲ್ಲಿದೆ. ಎರಡು ಸಾವಿರ ಕ್ಯಾಲೊರಿಯ ದಿನಕ್ಕೆ ಧಾನ್ಯ 250 ಗ್ರಾಂ, ತರಕಾರಿ ಸೊಪ್ಪು ಸೇರಿ 400 ಗ್ರಾಂ, ಎಣ್ಣೆ ಕೊಬ್ಬು 27 ಗ್ರಾಂ ಅಂತ ತಟ್ಟೆಯ ಚಿತ್ರವನ್ನೂ ಕೊಟ್ಟಿದ್ದಾರೆ, ಬಿಟ್ಟಿಯಾಗಿ. (27 ಗ್ರಾಂ ದಿನವಿಡೀಗೆ! ನಮ್ಮೂರಲ್ಲಿ ಅದು ಕಾವಲಿ ಮೇಲೆ ದೋಸೆ ತಿರುವಿ ಹಾಕೋ ಮೊದಲೇ ಖರ್ಚಾಗುವ ಬೆಣ್ಣೆ.) ಕೋಚ್‌ಗೆ ಇದನ್ನು ತೋರಿಸಿದೆ. "ಅದು ಜನರಲ್ ಅಂಕಲ್, ನಮ್ಮದು ಪರ್ಸನಲೈಸ್ಡ್" ಅಂದ. ಪ್ರಿಯಾ ಸುಮ್ಮನಾದಳು.

ನಡಿಗೆ ದಿನಕ್ಕೆ ಹತ್ತು ಸಾವಿರ ಹೆಜ್ಜೆ. ಈ ಲೆಕ್ಕ ಹುಟ್ಟಿದ್ದು ಆಸ್ಪತ್ರೆಯಲ್ಲಿ ಅಲ್ಲ, 1965ರಲ್ಲಿ ಜಪಾನಿನ ಒಂದು ಕಂಪನಿ ಮಾರಿದ ಹೆಜ್ಜೆ ಎಣಿಸೋ ಯಂತ್ರದ ಹೆಸರಿನಿಂದ. ಅದರ ಹೆಸರೇ "ಹತ್ತು ಸಾವಿರ ಹೆಜ್ಜೆಯ ಮೀಟರ್". ಇರಲಿ, ನಡೆಯೋದು ಒಳ್ಳೆಯದೇ. ಆದರೆ ನಮ್ಮ ಗುಂಪಿನ ಒಬ್ಬರು ಕುಂದುವಾಡ ಕೆರೆ ಏರಿ ಮೇಲೆ ಅರ್ಧ ಸುತ್ತು ಹಾಕಿ, ಉಳಿದಿದ್ದನ್ನು ಟಿವಿ ಮುಂದೆ ಮೊಬೈಲ್ ಅಲ್ಲಾಡಿಸಿ ಮುಗಿಸುತ್ತಿದ್ದರು. ವಾರದ ಬಹುಮಾನ ಅವರಿಗೇ ಬಂತು.

ನಗೋದೆಲ್ಲ ಐದನೇ ವಾರದವರೆಗೆ ನಡೆಯಿತು. ಎದುರುಮನೆ ಯಜಮಾನರೂ ನಮ್ಮ ಬ್ಯಾಚ್. ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆ. ಅವರಿಗೆ ಹದಿನಾರು ಗಂಟೆ ಉಪವಾಸ, ಮಧ್ಯಾಹ್ನದವರೆಗೆ ಏನೂ ಮುಟ್ಟಬಾರದು ಅಂತ ಕೋಚ್ ಹೇಳಿದ್ದ. ಅವರು ಶಿಸ್ತಿನ ಮನುಷ್ಯ, ಡಾಕ್ಟರ್ ಹೇಳಿದ ಮಾತ್ರೆಯನ್ನು ಬೆಳಿಗ್ಗೆ ಎಂಟಕ್ಕೆ ನುಂಗಿದರು, ಕೋಚ್ ಹೇಳಿದ ಉಪವಾಸವನ್ನೂ ಬಿಡಲಿಲ್ಲ. ಸಕ್ಕರೆಯ ಕೆಲವು ಮಾತ್ರೆಗಳಿಗೆ ಹೊಟ್ಟೆಗೆ ಊಟ ಬಿತ್ತೋ ಇಲ್ಲವೋ ಅನ್ನೋದು ಬೇಕಿಲ್ಲ, ಅವು ಇನ್ಸುಲಿನ್ ಹೊರಡಿಸಿಯೇ ಹೊರಡಿಸುತ್ತವೆ, ಊಟ ಬೀಳದಿದ್ದರೆ ರಕ್ತದಲ್ಲಿನ ಸಕ್ಕರೆ ಅತಿಯಾಗಿ ಇಳಿದುಬಿಡುತ್ತೆ. ಹನ್ನೊಂದು ಗಂಟೆಗೆ ಜಯದೇವ ಸರ್ಕಲ್ ಹತ್ತಿರ ಕೈ ನಡುಗಿ, ಅಂಗಿಯೆಲ್ಲ ಬೆವರಿಗೆ ಒದ್ದೆಯಾಗಿ, ಫುಟ್‌ಪಾತ್ ಮೇಲೆ ಕೂತುಬಿಟ್ಟರು. ಪುಣ್ಯಕ್ಕೆ ಪಕ್ಕದಲ್ಲಿ ಜ್ಯೂಸ್ ಅಂಗಡಿ. ಅಲ್ಲಿನ ಹುಡುಗನ ತಂದೆಗೂ ಸಕ್ಕರೆ ಇತ್ತಂತೆ, ನೋಡಿದ ತಕ್ಷಣ ಒಂದು ಲೋಟಕ್ಕೆ ನಾಲ್ಕು ಚಮಚ ಸಕ್ಕರೆ ಕದಡಿ ಬಾಯಿಗೆ ಹಿಡಿದ. ಹತ್ತು ನಿಮಿಷದಲ್ಲಿ ಎದ್ದು ಕೂತರು. ಸಂಜೆ ಅವರ ಹೆಂಡತಿ ಗುಂಪಿನಲ್ಲಿ ಇದನ್ನು ಬರೆದರೆ ಕೋಚ್ ಉತ್ತರ: "ಡಿಟಾಕ್ಸ್ ಆಗ್ತಾ ಇದೆ ಆಂಟಿ, ಒಳ್ಳೆ ಲಕ್ಷಣ." ಕೆಳಗೆ ಇಪ್ಪತ್ತೆರಡು ಜನ ಚಪ್ಪಾಳೆ.

ಅವರು ಅವತ್ತೇ ಬಿಟ್ಟರು. ನಾನು ಬಿಡಲಿಲ್ಲ. ಯಾಕೆ ಅಂದರೆ ದುಡ್ಡು ಕಟ್ಟಿದ್ದೆ. ಕೋರ್ಸಿನಲ್ಲಿ ಅದನ್ನೂ ಕಲಿಸಿರಬೇಕು: ದುಡ್ಡು ಮೊದಲೇ ತಗೊಂಡರೆ ಜನ ಶ್ರದ್ಧೆಯಿಂದ ಇರುತ್ತಾರೆ ಅಂತ.

ಹನ್ನೆರಡು ವಾರ ಮುಗಿದ ದಿನ ತೂಕ 900 ಗ್ರಾಂ ಇಳಿದಿತ್ತು. ಮೊದಲ ದಿನ ಜೇಬಿನಲ್ಲಿ ಮೊಬೈಲ್, ಸ್ಕೂಟರ್ ಕೀ, ಬೀರುವಿನ ಕೀ ಗೊಂಚಲು ಇದ್ದವು. ಈ ಸಲ ಎಲ್ಲ ತೆಗೆಸಿ ನಿಲ್ಲಿಸಿದ. ಗೋಡೆಗೆ ಒರಗಿಸಿ ಫೋಟೋ ತೆಗೆದ. "ಹೊಟ್ಟೆ ಬಿಗಿ ಹಿಡೀಬೇಡಿ ಅಂಕಲ್, ನ್ಯಾಚುರಲ್ಲಾಗಿ ಬಿಡಿ" ಅಂದ. ಬಿಟ್ಟೆ.

ಹದಿನೈದು ದಿನ ಆದಮೇಲೆ ನಮ್ಮ ರಸ್ತೆಯ ತಿರುವಿನಲ್ಲಿ ಹೊಸ ಬ್ಯಾಚಿನ ಬ್ಯಾನರ್ ಬಂತು. ಎಡಗಡೆ "ಮೊದಲು", ಬಲಗಡೆ "ಆಮೇಲೆ". ಬಲಗಡೆ ಯಾರೋ ಗುರುತಿಲ್ಲದ ಹುಡುಗ, ಹೊಟ್ಟೆಯಲ್ಲಿ ಇಟ್ಟಿಗೆ ಜೋಡಿಸಿದ ಹಾಗೆ ಆರು ಕಟ್ಟು. ಎಡಗಡೆ ನಾನು. ಅದೂ ಮೊದಲ ದಿನದ ಫೋಟೋ ಅಲ್ಲ, ಹನ್ನೆರಡು ವಾರ ಮುಗಿಸಿದ ದಿನದ್ದು.

ನಿನ್ನೆ ಬೆಳಿಗ್ಗೆ ಹೋಟೆಲಿನಲ್ಲಿ ಕೂತಿದ್ದೆ. ತಟ್ಟೆ ತಂದಿಟ್ಟ ಹುಡುಗ ಹೋಗದೆ ನಿಂತು ನನ್ನ ಮುಖವನ್ನೇ ನೋಡಿದ. ಬೆಣ್ಣೆ ಆಗಲೇ ದೋಸೆ ಮೇಲೆ ಕರಗಿ ಆಲೂಗಡ್ಡೆ ಪಲ್ಯದ ಕಡೆ ಹರಿಯುತ್ತಿತ್ತು.

"ಸಾರ್, ಬ್ಯಾನರ್‌ನಲ್ಲಿ ಎಡಗಡೆ ಇರೋರು ನೀವೇ ಅಲ್ವಾ?"

"ಹೌದಪ್ಪ. ಇನ್ನೊಂದು ಸ್ವಲ್ಪ ಚಟ್ನಿ ಹಾಕು."